ಫ್ರೂಟ್ಸ್ ಎಫ್‌ಐಡಿ: ಕೌಂಟರ್‌ನಲ್ಲಿ ಕೆಲಸ ಸಲೀಸು, ತೊಡಕೆಲ್ಲ ಪಹಣಿಯಲ್ಲಿ

ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜಕ್ಕೆ ಹೋಗಲಿ, ಟಾರ್ಪಾಲಿಗೆ ಹೋಗಲಿ, ಸ್ಪ್ರಿಂಕ್ಲರ್ ಪೈಪಿಗೆ ಹೋಗಲಿ, ಮೊದಲು ಕೇಳುವುದು ಎಫ್‌ಐಡಿ, ಅಂದರೆ ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್ ಕೊಡುವ ಗುರುತಿನ ಸಂಖ್ಯೆ. ಆಧಾರ್, ಭೂಮಿ ತಂತ್ರಾಂಶದ ಪಹಣಿ, ಬ್ಯಾಂಕ್ ಖಾತೆ, ಜಾತಿ ವಿವರ ಎಲ್ಲವನ್ನೂ ಒಂದೇ ಕಡೆ ಕೂಡಿಸುವ ಈ ಸಂಖ್ಯೆ ಬಗ್ಗೆ ಕೃಷಿ ಸಿಬ್ಬಂದಿಗೆ ಒಟ್ಟಾರೆ ಒಳ್ಳೆಯ ಅಭಿಪ್ರಾಯವೇ ಇದೆ, ಇರಲೂಬೇಕು. ಕೃಷಿ ಇಲಾಖೆ ಸವಲತ್ತು ವಿತರಿಸಲು ಬಳಸುವ ಕೆ-ಕಿಸಾನ್ ತಂತ್ರಾಂಶದಲ್ಲಿ ಸಂಖ್ಯೆ ಹಾಕಿದರೆ ಹಿಡುವಳಿ, ವರ್ಗ ತೆರೆಯ ಮೇಲೇ ಬರುತ್ತವೆ. ಮುಂಗಾರಿನ ನೂಕುನುಗ್ಗಲಿನಲ್ಲಿ ಪಹಣಿ ಜೆರಾಕ್ಸ್ ಕಟ್ಟು ತಿರುವುವ ಗೋಳಿಲ್ಲ.

ಎಡವಟ್ಟಾಗುವುದು ಸರ್ವೆ ನಂಬರಿನಲ್ಲಿ. ತರಾತುರಿಯಲ್ಲಿ ನೋಂದಣಿ ಮಾಡಿಸಿದವರಲ್ಲಿ ಎಷ್ಟೋ ಜನ ಒಂದೇ ಸರ್ವೆ ನಂಬರ್ ಸೇರಿಸಿ ಸುಮ್ಮನಾಗಿದ್ದಾರೆ. 2023ರಲ್ಲಿ 223 ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದಾಗ ಪರಿಹಾರಕ್ಕೆ ಆಧಾರವಾದದ್ದು ಫ್ರೂಟ್ಸ್ ದತ್ತಾಂಶವೇ. ನಾಲ್ಕು ಎಕರೆ ಇದ್ದು ಒಂದು ಎಕರೆ ಹತ್ತು ಗುಂಟೆ ಮಾತ್ರ ಬರೆಸಿದ್ದರೆ ಲೆಕ್ಕಕ್ಕೆ ಸಿಗುವುದು ಅಷ್ಟೇ. ಆದ್ದರಿಂದ ಬಿತ್ತನೆಗೆ ಮುಂಚೆಯೇ ಆಧಾರ್ ಮತ್ತು ಎಲ್ಲ ಪಹಣಿಗಳೊಂದಿಗೆ ಹೋಗಿ, ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗದ) ನಂಬರ್ ಸಮೇತ ಒಂದೊಂದನ್ನೂ ತೆರೆಯ ಮೇಲೆ ನೋಡಿಕೊಂಡೇ ಎದ್ದು ಬನ್ನಿ.

ಹೆಸರಿನ ತಕರಾರೂ ಸಣ್ಣದಲ್ಲ. ಆಧಾರ್‌ನಲ್ಲಿ ಬಸವರಾಜ, ಪಹಣಿಯಲ್ಲಿ ಬಸಪ್ಪ ಎಂದಿದ್ದರೆ ಹೊಂದಾಣಿಕೆಯಾಗದೆ ನಿಲ್ಲುತ್ತದೆ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ಕೃಷಿ ಅಧಿಕಾರಿಯ ಕೈಯಲ್ಲಿ ಏನೂ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಕಂದಾಯ ಇಲಾಖೆಯಲ್ಲಿ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಲೇಬೇಕು. ಕೆಲಸ ಅಲ್ಲಿನದು, ಬೈಗುಳ ಮಾತ್ರ ಬೀಜದ ಕೌಂಟರಿನವರಿಗೆ. ಸಿಬ್ಬಂದಿ ಬೇಸರಪಡುವುದು ಇದಕ್ಕೇ, ಅದು ನ್ಯಾಯವೂ ಹೌದು.

ಹಣ ಬಾರದಿದ್ದರೆ ಮೊದಲು ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ, "ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ?" ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂದು ತೋರಿಸುವ ಜೋಡಣೆಯೇ ಈ ಮ್ಯಾಪಿಂಗ್; ಖಾತೆಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಅದು ಆದಂತಲ್ಲ. ಆಧಾರ್ ಆಧಾರಿತ ಪಾವತಿ ಕೊನೆಯದಾಗಿ ಮ್ಯಾಪ್ ಆದ ಖಾತೆಗೇ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆ ಅದಾಗಿದ್ದರೆ ಹಣ ಅಲ್ಲಿಗೇ ಬೀಳುತ್ತದೆ, ಆ ಖಾತೆ ಮುಚ್ಚಿದ್ದರೆ ವಾಪಸಾಗುತ್ತದೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಬೇರೆಯೇ ಇದೆ. ಎಫ್‌ಐಡಿ ಗುರುತಿಸುವುದು ಪಹಣಿದಾರರನ್ನು, ಉಳುವವರನ್ನಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿಗೆ ಕೊಡುವುದು ಬಹುಪಾಲು ನಿಷಿದ್ಧ, ಹಾಗಾಗಿ ಕೋರಿಗೆ (ಬೆಳೆಯ ಪಾಲಿನ ಕರಾರಿಗೆ) ಮಾಡುವವರಿಗೆ ಯಾರೂ ಕಾಗದ ಬರೆದುಕೊಡುವುದಿಲ್ಲ. ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಪಾಡೂ ಇದೇ. ಗೊಬ್ಬರ, ಕೂಲಿಗೆ ಸಾಲ ಮಾಡಿದವರು ಒಬ್ಬರು, ಪರಿಹಾರ ಸೇರುವುದು ಮತ್ತೊಬ್ಬರಿಗೆ. ಯಾವ ಹೊಲ ಯಾರು ಮಾಡುತ್ತಾರೆಂದು ಹಳ್ಳಿ ಸುತ್ತುವ ಕೃಷಿ ಸಿಬ್ಬಂದಿಗೆ ಚೆನ್ನಾಗಿ ಗೊತ್ತು. ಅದನ್ನು ದಾಖಲಿಸಲು ಒಂದು ಅಂಕಣ ಕೊಡುವವರೆಗೆ ಈ ಸೇವೆಗೆ ಐದರಲ್ಲಿ ಮೂರು ಅಂಕ.