ಹಕ್ಕು ಬಿಟ್ಟ ಕಾಮಿಕ್ಸ್ ಎಲ್ಲಿ ಹಾಕೋದು? ಇನ್‌ಸ್ಟಾಗ್ರಾಂ, ವೆಬ್‌ಟೂನ್, ಆರ್ಕೈವ್, ಸ್ವಂತ ತಾಣ

ವೆಬ್‌ಕಾಮಿಕ್ಸ್ ಎಲ್ಲಿ ಹಾಕಬೇಕು ಅಂತ ಕೇಳಿದರೆ ಎಲ್ಲರೂ ಓದುಗರ ಲೆಕ್ಕ ಹೇಳುತ್ತಾರೆ. ಜನ ಎಲ್ಲಿ ಜಾಸ್ತಿಯೋ ಅಲ್ಲಿ ಹಾಕು. ಮಾಮೂಲಿ ಕಾಮಿಕ್ಸ್‌ಗೆ ಆ ಲೆಕ್ಕ ಸರಿ. ನನ್ನದು ಒಬ್ಬ ಪೋಸ್ಟ್‌ಮ್ಯಾನ್ ಮತ್ತು ಅವನ ಬಾಯಿಬಡುಕ ಸೈಕಲ್ಲಿನ ನಾಲ್ಕು ಚೌಕದ ಸ್ಟ್ರಿಪ್. ಅದು ಪಬ್ಲಿಕ್ ಡೊಮೇನ್‌ನಲ್ಲಿದೆ. ಯಾರು ಬೇಕಾದರೂ ಎತ್ತಿಕೊಂಡು ಹೋಗಲಿ, ತಿದ್ದಲಿ, ಅಚ್ಚು ಹಾಕಿಸಿ ಮಾರಲಿ ಅಂತಲೇ ಬಿಟ್ಟದ್ದು. ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ಇಲ್ಲಿಂದ ಅದನ್ನು ನಿಜವಾಗಿ ಎತ್ತಿಕೊಂಡು ಹೋಗೋಕೆ ಆಗುತ್ತಾ?

ಜಾಗಕ್ಕಿಂತ ಮೊದಲು ಪರವಾನಗಿ. ಕೈಯಲ್ಲಿದ್ದದ್ದು ಮೂರು, ಎಲ್ಲವೂ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆ ಬರೆದಿಟ್ಟ ಸಿದ್ಧ ಷರತ್ತುಪತ್ರಗಳು. ಸಿಸಿ ಬೈ ಅಂದರೆ ಹೆಸರು ಹೇಳಿ ಬಳಸಿ. ಸಿಸಿ ಬೈ-ಎಸ್‌ಎ ಅಂದರೆ ಹೆಸರೂ ಹೇಳಿ, ತಿದ್ದಿ ಮಾಡಿದ್ದನ್ನು ಅದೇ ಷರತ್ತಿನಲ್ಲಿ ಹಂಚಿ. 2009ರಲ್ಲಿ ಬಂದ ಸಿಸಿ ಝೀರೊಗೆ ಷರತ್ತೇ ಇಲ್ಲ. ಫ್ರಾನ್ಸಿನ ಡೇವಿಡ್ ರೆವಾ 2014ರಲ್ಲಿ ಶುರು ಮಾಡಿದ ಪೆಪ್ಪರ್ ಅಂಡ್ ಕ್ಯಾರೆಟ್ ವೆಬ್‌ಕಾಮಿಕ್ಸ್ ಬೈನಲ್ಲಿದೆ. ಅಮೆರಿಕದ ನೀನಾ ಪೇಲಿ ಸೀತೆಯ ಕಥೆಯ ತಮ್ಮ ಅನಿಮೇಷನ್ ಚಿತ್ರವನ್ನು ಬೈ-ಎಸ್‌ಎಯಲ್ಲಿ ಬಿಟ್ಟು, 2013ರಲ್ಲಿ ಝೀರೊಗೆ ತಂದರು.

ನಾನೂ ಬೈ-ಎಸ್‌ಎಯಿಂದಲೇ ಶುರು ಮಾಡಿದೆ. ಒಬ್ಬರು ಮೇಷ್ಟ್ರು ಬರೆದರು: ಶಾಲೆಯ ವಾರ್ಷಿಕ ಸಂಚಿಕೆಗೆ ಒಂದು ಸ್ಟ್ರಿಪ್ ಹಾಕಿಕೊಂಡರೆ ಇಡೀ ಸಂಚಿಕೆಯನ್ನೇ ಬೈ-ಎಸ್‌ಎ ಮಾಡಬೇಕಾ ಸಾರ್? ಬೇಡ, ಸುಮ್ನೆ ಜೊತೆಗೆ ಅಚ್ಚು ಹಾಕಿದರೆ ಆ ಷರತ್ತು ತಾಗಲ್ಲ, ತಿದ್ದಿದರೆ ಮಾತ್ರ ಅಂತ ವಿವರಿಸಿದೆ. ಅವರಿಗೆ ಧೈರ್ಯ ಬರಲಿಲ್ಲ, ಕೈಬಿಟ್ಟರು. ಷರತ್ತು ನ್ಯಾಯವಾದದ್ದೇ ಇರಬಹುದು. ಅದನ್ನು ವಿವರಿಸಬೇಕಾಗಿ ಬಂದರೆ ಅರ್ಧ ಜನ ಅಲ್ಲೇ ವಾಪಸ್. ಆಮೇಲೆ ಎಲ್ಲವನ್ನೂ ಝೀರೊಗೆ ತಂದೆ.

ನಮ್ಮ ಕಾನೂನಲ್ಲೂ ಇದಕ್ಕೆ ದಾರಿ ಇದೆ. 1957ರ ಕಾಪಿರೈಟ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಲೇಖಕ ತನ್ನ ಹಕ್ಕು ಬಿಟ್ಟುಕೊಡಬಹುದು. ಕಾಪಿರೈಟ್ ರಿಜಿಸ್ಟ್ರಾರ್‌ಗೆ ನೋಟಿಸ್ ಕೊಡಬಹುದು, ಇಲ್ಲವೇ ಸಾರ್ವಜನಿಕ ಪ್ರಕಟಣೆ ಸಾಕು. ಈ ಎರಡನೇ ದಾರಿ 2012ರ ತಿದ್ದುಪಡಿಯಲ್ಲಿ ಬಂತು. 57ನೇ ಸೆಕ್ಷನ್ನಿನ ಲೇಖಕರ ವಿಶೇಷ ಹಕ್ಕು (ಇದು ನನ್ನ ಕೃತಿ ಅನ್ನುವ, ಅದನ್ನು ಕೆಡಿಸಿದರೆ ಆಕ್ಷೇಪಿಸುವ ಹಕ್ಕು) ಮಾತ್ರ ಕಾಪಿರೈಟಿಗಿಂತ ಬೇರೆಯಾಗಿಯೇ ನಿಲ್ಲುತ್ತದೆ.

ನಿಮ್ಮ ಕಾಮಿಕ್ಸ್‌ಗೆ ಬೇರೆಯವರ ಕಥೆ ತಗೊಳ್ಳುವುದಾದರೆ ಅದರ ಹಕ್ಕನ್ನೂ ನೋಡಿಕೊಳ್ಳಿ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಲೇಖಕರು ತೀರಿದ ಮೇಲೆ 60 ವರ್ಷ ಅನ್ನುವ ಲೆಕ್ಕದಲ್ಲಿ ಅವರು ಪ್ರಕಟಿಸಿದ ಬರಹ ಇಲ್ಲಿ ಎಂದೋ ಎಲ್ಲರದ್ದಾಗಿದೆ. ಅವರ ಕಥೆಗೆ ಚಿತ್ರ ಬರೆದು ಝೀರೊದಲ್ಲಿ ಬಿಡಬಹುದು. ನಿರಂಜನರ ಪುಸ್ತಕಗಳನ್ನು ಅವರ ಕುಟುಂಬ ಬೈ-ಎಸ್‌ಎಯಲ್ಲಿ ಬಿಟ್ಟಿದೆ. ಅದನ್ನು ಚಿತ್ರಕಥೆ ಮಾಡಿದರೆ ನಿಮ್ಮದೂ ಬೈ-ಎಸ್‌ಎ, ಝೀರೊ ಆಗಲ್ಲ.

ಈಗ ಜಾಗಗಳು. ಓದುಗರ ವಿಷಯದಲ್ಲಿ ಇನ್‌ಸ್ಟಾಗ್ರಾಂಗೆ ಸಾಟಿ ಇಲ್ಲ. ಕನ್ನಡದವರು ಅಲ್ಲೇ ಇದ್ದಾರೆ, ಬೆಳಗ್ಗೆ ಹಾಕಿದರೆ ಮಧ್ಯಾಹ್ನದೊಳಗೆ ಯಾರೋ ನಗುತ್ತಾರೆ. ಒಂದು ಪೋಸ್ಟಿಗೆ ಇಪ್ಪತ್ತು ಚಿತ್ರ ಹಿಡಿಸುತ್ತದೆ. ಆದರೆ ಚಿತ್ರದ ಅಗಲ 1080 ಪಿಕ್ಸೆಲ್‌ಗೆ ನಿಲ್ಲುತ್ತದೆ. ವಿವರಣೆಯಲ್ಲಿ ಹಾಕಿದ ಲಿಂಕ್ ಒತ್ತಿದರೆ ಎಲ್ಲಿಗೂ ಹೋಗಲ್ಲ. ಓದುಗರ ಕೈಗೆ ಸಿಗುವುದು ಸ್ಕ್ರೀನ್‌ಶಾಟ್. ನನ್ನ ಅಳತೆಯಲ್ಲಿ ಅದು ಅಂಗಡಿಯ ಗಾಜಿನ ಕಿಟಕಿ: ನೋಡಬಹುದು, ಮುಟ್ಟೋಕಾಗಲ್ಲ.

ವಾಟ್ಸಾಪನ್ನು ನಾನು ಆರಿಸಿಕೊಳ್ಳಲಿಲ್ಲ, ಅದೇ ನನ್ನನ್ನು ಆರಿಸಿಕೊಂಡಿತು. ನಮ್ಮ ಕುಟುಂಬದ ಗ್ರೂಪಿಗೆ ನನ್ನದೇ ಸ್ಟ್ರಿಪ್ ಬಂತು. ಸಹಿ ಕತ್ತರಿಸಿ, ಮೂಲೆಗೊಂದು ದಾಸವಾಳ ಅಂಟಿಸಿ, ಮೇಲೆ ಶುಭೋದಯ ಅಂತ ಬರೆದಿದ್ದರು. ಬೈ ಆಗಿದ್ದರೆ ಬೇಜಾರಾಗಬೇಕಿತ್ತು. ಝೀರೊ ಆದ್ದರಿಂದ ಅದೇ ನನ್ನ ಮೊದಲ ರೀಮಿಕ್ಸ್!

ವೆಬ್‌ಟೂನ್ ಅನ್ನುವ ಕಾಮಿಕ್ಸ್ ತಾಣದಲ್ಲಿ ಯಾರು ಬೇಕಾದರೂ ಹಾಕಬಹುದಾದ ಕ್ಯಾನ್ವಾಸ್ ವಿಭಾಗದ ಮೇಲೆ ಹೆಚ್ಚು ಹೇಳಲ್ಲ. ಕಾಪಿರೈಟ್ ನಿಮ್ಮಲ್ಲೇ ಉಳಿಯುತ್ತದೆ, ಮೊಬೈಲಲ್ಲಿ ಓದೋಕೆ ಸೊಗಸು. ಆದರೆ ಅದು 800 ಪಿಕ್ಸೆಲ್ ಅಗಲದ, ಮೇಲಿಂದ ಕೆಳಗೆ ಜಾರುವ ಕಥೆಗೆ ಹೊಲಿದ ಅಂಗಿ. ಅಡ್ಡಕ್ಕೆ ಓದುವ ನಾಲ್ಕು ಚೌಕವನ್ನು ಒಂದರ ಕೆಳಗೊಂದು ಜೋಡಿಸಿದಾಗ ಮೂರನೇ ಚೌಕದ ಬಿಗುವೇ ಹೋಯಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇಲ್ಲ. ಉದ್ದ ಕಥೆ ಇಂಗ್ಲಿಷಲ್ಲಿ ಹೇಳುವವರು ಹೋಗಲಿ.

ಇಂಟರ್ನೆಟ್ ಆರ್ಕೈವ್ ಅನ್ನುವ ಉಚಿತ ಡಿಜಿಟಲ್ ಗ್ರಂಥಾಲಯ ಪೂರ್ತಿ ಉಲ್ಟಾ. ಅಲ್ಲಿ ಯಾರೂ ದಾರಿ ತಪ್ಪಿ ಬಂದು ನಿಮ್ಮ ಕಾಮಿಕ್ಸ್ ಓದಲ್ಲ. ಮುಂದಿನ ಕಂತು ಅನ್ನುವ ಕಲ್ಪನೆಯೇ ಇಲ್ಲ. ಆದರೆ ಪಿಡಿಎಫ್ ಏರಿಸಿದರೆ ಪುಟ ತಿರುಗಿಸಿ ಓದುವ ಕಿಟಕಿ ತಾನಾಗಿ ಸಿದ್ಧ. ಪರವಾನಗಿಯ ಜಾಗದಲ್ಲಿ ಸಿಸಿ ಝೀರೊ ಆರಿಸಬಹುದು. ಎಲ್ಲಕ್ಕಿಂತ ಮುಖ್ಯ, ನೀವು ಏರಿಸಿದ ಮೂಲ ಕಡತ ಹಾಗೇ ಇಳಿಯುತ್ತದೆ, ಒಂದು ಪಿಕ್ಸೆಲ್ ಕಮ್ಮಿ ಆಗದೆ. ಪಿಎನ್‌ಜಿ ಚಿತ್ರಗಳನ್ನು ಜಿಪ್ ಮಾಡಿ ಹೆಸರಿನ ಕೊನೆಗೆ ಸಿಬಿಝಡ್ ಅಂತ ಬದಲಿಸಿದರೆ ಕಾಮಿಕ್ಸ್ ಓದುವ ಆ್ಯಪ್‌ಗಳಿಗೂ ನಡೆಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿ ಆಗಿ ಆರ್ಕೈವ್ ಕೆಲವು ದಿನ ಮುಚ್ಚಿತ್ತು. ಅದೊಂದನ್ನೇ ನೆಚ್ಚಬೇಡಿ.

ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರ ವಿಕಿಮೀಡಿಯ ಕಾಮನ್ಸ್ ಹೇಗೆ ಅಂತ ಕೇಳುತ್ತೀರಿ ಅಲ್ವಾ? ಝೀರೊ ಅಲ್ಲಿ ಸಲ್ಲುತ್ತದೆ. ಆದರೆ ಕಲಿಕೆಗೆ ಉಪಯೋಗ ಇರುವ ಚಿತ್ರಗಳ ಜಾಗ ಅದು. ನನ್ನ ಮಾತಾಡುವ ಸೈಕಲ್ ಅಲ್ಲಿ ಬೇಡ. ಪಾತ್ರೆ, ಒಲೆ, ಅಂಚೆ ಡಬ್ಬಿಯ ಚಿತ್ರ ಬಿಡಿಯಾಗಿ ಬರೆದಿದ್ದರೆ ಕೊಡಿ.

ಸ್ವಂತ ತಾಣವನ್ನು ಗಿಟ್‌ಹಬ್ ಪೇಜಸ್‌ನಲ್ಲಿ (ಗಿಟ್‌ಹಬ್ ಕಂಪನಿ ತಾಣಗಳಿಗೆ ಕೊಡುವ ಜಾಗ) ಕಟ್ಟಿದೆ. ದುಡ್ಡಿಲ್ಲ, ಜಾಹೀರಾತಿಲ್ಲ, ಹೊಸ ಕಂತು ಬಂದದ್ದನ್ನು ಓದುಗರಿಗೆ ತಾನಾಗಿ ತಿಳಿಸುವ ಆರ್‌ಎಸ್‌ಎಸ್ ಫೀಡ್ ಹಾಕಬಹುದು, ಹಿಂದೆ ಮುಂದೆ ಗುಂಡಿ ನಮಗೆ ಬೇಕಾದ ಹಾಗೆ. ತಾಣದ ಮಿತಿ 1 ಜಿಬಿ. 100 ಎಂಬಿ ದಾಟಿದ ಕಡತ ಗಿಟ್‌ಹಬ್ ತಗೊಳ್ಳಲ್ಲ. ಕೃತಾ ಅನ್ನುವ ಚಿತ್ರ ಬರೆಯುವ ತಂತ್ರಾಂಶದ, ಪದರಗಳಿರುವ ಕಡತ ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಅದಕ್ಕೇ ಓದುವ ಪುಟ ತಾಣದಲ್ಲಿ, ಭಾರದ ಕಡತ ಆರ್ಕೈವ್‌ನಲ್ಲಿ, ಮಧ್ಯೆ ಒಂದು ಲಿಂಕ್. ನಾನು ಈಗ ಇರುವುದು ಇಲ್ಲೇ. ಇನ್‌ಸ್ಟಾಗ್ರಾಂನಲ್ಲಿ ಮೊದಲ ಎರಡು ಚೌಕ ಮಾತ್ರ ಹಾಕಿ ಇಲ್ಲಿಗೆ ಕರೆಯುತ್ತೇನೆ.

ಇಷ್ಟೆಲ್ಲ ಮಾಡಿದರೂ ಅಕ್ಷರ ಚಿತ್ರದೊಳಗೆ ಕರಗಿದ್ದರೆ ಪ್ರಯೋಜನ ಅರ್ಧ. ತುಳುವಿಗೋ ಕೊಂಕಣಿಗೋ ಮಾಡುವವರು ಬಲೂನ್ ಒರೆಸುತ್ತಾ ಕೂರಬೇಕು. ಚಿತ್ರ ಕೃತಾದಲ್ಲಿ ಬರೆದು, ಮಾತನ್ನು ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ತಂತ್ರಾಂಶದಲ್ಲಿ ಕೂರಿಸಿದ್ದು ನನಗೆ ಒಗ್ಗಿತು. ಯೂನಿಕೋಡ್ ಕನ್ನಡದ ಒತ್ತು ಸರಿಯಾಗಿ ಮೂಡುತ್ತದೆ, ಅದು ಉಳಿಸುವ ಎಸ್‌ವಿಜಿ ಕಡತದಲ್ಲಿ ಮಾತು ತಿದ್ದಬಹುದಾದ ಮಾತಾಗಿಯೇ ಉಳಿಯುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಕೂರಿಸಿದರೆ ಕಾಪಿ ಮಾಡಿದವರಿಗೆ ಸಿಗುವುದು ಕಲಸುಮೇಲೋಗರ. ಬಾಲೂ ತಮ್ಮ ಫಾಂಟ್ ಬಲೂನಿಗೆ ಚೆನ್ನಾಗಿ ಕೂರುತ್ತದೆ, ಅದೂ ಮುಕ್ತ ಪರವಾನಗಿಯದ್ದು. ಸಾಲಿನ ಅಂತರ ಮಾತ್ರ ಜಾಸ್ತಿ ಕೊಡಿ. ‘ರಾಷ್ಟ್ರ’ ಅಂತ ಬರೆದರೆ ಅದರ ಒತ್ತುಗಳು ಇಳಿದು ಕೆಳಗಿನ ಸಾಲಿನ ‘ಕೀ’ಯ ಗುಡಿಸಿಗೆ ತಾಗುತ್ತವೆ. ‘ಹೋಗ್ಬೇಕಾಗಿತ್ತಲ್ಲಾ’ ತರದ ಮಾತು ದುಂಡು ಬಲೂನಿಗೆ ಹಿಡಿಸಲ್ಲ, ಹೊಟ್ಟೆ ಅಗಲ ಇರುವ ಬಲೂನೇ ಬೇಕು.

ಈಗ ಪ್ರತಿ ಸ್ಟ್ರಿಪ್ಪಿನ ಅಂಚಿನಲ್ಲಿ ಒಂದು ಸಾಲು ಇರುತ್ತದೆ: ಸಿಸಿ ಝೀರೊ, ಕೇಳದೆ ಬಳಸಿ. ಅದರ ಪಕ್ಕ ಮೂಲ ಕಡತದ ವಿಳಾಸ.