ಪೈಥಾನಿನ ಸ್ಟ್ರಿಪ್: ತುದಿ ಸ್ವಚ್ಛ, ನಡು ಹಾಗೇ

ಸ್ಟ್ರಿಂಗಿನ (ಅಂದರೆ ಅಕ್ಷರಗಳ ಸರಣಿಯ) ತುದಿಯ ಖಾಲಿ ಜಾಗ ತೆಗೆಯಲು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೂರು ಮೆಥಡ್‌ಗಳಿವೆ: ಎರಡೂ ಕಡೆಗೆ ಸ್ಟ್ರಿಪ್, ಎಡಕ್ಕೆ ಎಲ್‌ಸ್ಟ್ರಿಪ್, ಬಲಕ್ಕೆ ಆರ್‌ಸ್ಟ್ರಿಪ್. ಸುಮ್ಮನೆ ಕರೆದರೆ ಸ್ಪೇಸ್, ಟ್ಯಾಬ್, ನ್ಯೂಲೈನ್ ಜೊತೆಗೆ ವೆಬ್ ಪುಟದಿಂದ ಕಾಪಿ ಮಾಡುವಾಗ ನುಸುಳುವ ನೋ-ಬ್ರೇಕ್ ಸ್ಪೇಸ್ (ಸಾಲು ಅಲ್ಲಿ ಮುರಿಯದಂತೆ ತಡೆಯುವ ಸ್ಪೇಸ್) ಕೂಡ ಹೋಗುತ್ತದೆ. ಇನ್ನೊಂದು ಭಾಷೆಯಾದ ಜಾವಾದ ಟ್ರಿಮ್ ಅದನ್ನು ಮುಟ್ಟುವುದಿಲ್ಲ. 2018ರಲ್ಲಿ ಜಾವಾ 11ರೊಂದಿಗೆ ಬಂದ ಸ್ಟ್ರಿಪ್ ಕೂಡ ಮುಟ್ಟುವುದಿಲ್ಲ. ಇಷ್ಟಕ್ಕೆ ಪೈಥಾನಿಗೆ ಪೂರ್ತಿ ಅಂಕ. ಉತ್ತರವನ್ನು ವೇರಿಯಬಲ್‌ಗೆ ಹಾಕಿಕೊಳ್ಳಲು ಮರೆಯಬೇಡಿ, ಮೂಲ ಸ್ಟ್ರಿಂಗ್ ಬದಲಾಗುವುದಿಲ್ಲ.

ಎಡವಟ್ಟಾಗುವುದು ಆರ್ಗ್ಯುಮೆಂಟ್, ಅಂದರೆ ಏನನ್ನು ತೆಗೆಯಬೇಕೆಂದು ಬ್ರಾಕೆಟ್ಟಿನೊಳಗೆ ಕೊಟ್ಟಾಗ. ಕೊಟ್ಟದ್ದನ್ನು ಅದು ಪದವೆಂದು ಓದುವುದಿಲ್ಲ, ಬಿಡಿ ಅಕ್ಷರಗಳ ಗುಂಪೆಂದು ಓದುತ್ತದೆ. 'ಟಿ-ಇ-ಎಸ್-ಟಿ' ಎಂಬ ಫೈಲಿನ ಹೆಸರಿನಿಂದ 'ಡಾಟ್-ಟಿ-ಎಕ್ಸ್-ಟಿ' ಬಾಲ ಕತ್ತರಿಸಲು ಆರ್‌ಸ್ಟ್ರಿಪ್ ಬಳಸಿದರೆ ಹೆಸರಿನ ಕೊನೆಯ 'ಟಿ'ಯೂ ಹೋಗಿ 'ಟಿ-ಇ-ಎಸ್' ಉಳಿಯುತ್ತದೆ. ಎರರ್ ಬರುವುದಿಲ್ಲ, ಅದೇ ಅಪಾಯ. ಈ ಕೆಲಸಕ್ಕೆಂದೇ 3.9ನೇ ಆವೃತ್ತಿಯಲ್ಲಿ ರಿಮೂವ್‌ಸಫಿಕ್ಸ್ ಬಂದಿದೆ.

ಟ್ಯಾಬ್‌ನಿಂದ ಬೇರ್ಪಟ್ಟ ಫೈಲುಗಳನ್ನು ಸಾಲುಸಾಲಾಗಿ ಓದುವವರು ಬರೀ ಸ್ಟ್ರಿಪ್ ಬಳಸಲೇಬಾರದು. ಕೊನೆಯ ಎರಡು ಕಾಲಂ ಖಾಲಿಯಿದ್ದರೆ ಅವುಗಳ ಟ್ಯಾಬ್‌ಗಳೂ ಕಿತ್ತುಹೋಗಿ, ಏಳು ಕಾಲಂ ಇದ್ದ ಸಾಲು ಐದಕ್ಕಿಳಿಯುತ್ತದೆ. ಆರ್‌ಸ್ಟ್ರಿಪ್‌ಗೆ ನ್ಯೂಲೈನ್ ಒಂದನ್ನೇ ಕೊಡಿ.

ಪದಗಳ ನಡುವಿನ ಹೆಚ್ಚುವರಿ ಜಾಗ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಸ್ಪ್ಲಿಟ್ ಮಾಡಿ, ಒಂದೊಂದು ಸ್ಪೇಸ್ ಇಟ್ಟು ಜಾಯಿನ್ ಮಾಡುವುದೇ ಸಲೀಸು. ಸ್ಪ್ಲಿಟ್‌ಗೆ ಮಾತ್ರ ಏನನ್ನೂ ಕೊಡಬಾರದು. ಸ್ಪೇಸ್ ಕೊಟ್ಟರೆ ಎರಡು ಸ್ಪೇಸ್ ಇದ್ದ ಕಡೆ ಖಾಲಿ ಸ್ಟ್ರಿಂಗ್ ಸಿಗುತ್ತದೆ. ಸ್ಪೇಸನ್ನು ರಿಪ್ಲೇಸ್ ಮಾಡಿ ಎಲ್ಲವೂ ಹೋಯಿತೆಂದುಕೊಂಡರೆ ಟ್ಯಾಬ್‌ಗಳು ಅಲ್ಲೇ ಇರುತ್ತವೆ.

ದೊಡ್ಡ ಕೊರತೆ ಕಣ್ಣಿಗೆ ಕಾಣದ ಅಕ್ಷರಗಳದ್ದು. ಝೀರೋ-ವಿಡ್ತ್ ಸ್ಪೇಸ್ ಹೆಸರಿಗೆ ಸ್ಪೇಸ್, ಆದರೆ ಯೂನಿಕೋಡ್ ಲೆಕ್ಕದಲ್ಲಿ ಖಾಲಿ ಜಾಗವಲ್ಲ, ಹಾಗಾಗಿ ಸ್ಟ್ರಿಪ್ ಅದನ್ನು ಬಿಟ್ಟುಬಿಡುತ್ತದೆ. ನೋಡಲು ಒಂದೇ ಥರ ಇರುವ ಎರಡು ಸ್ಟ್ರಿಂಗ್ ಸಮವಲ್ಲ ಎಂದು ಬಂದರೆ ಸ್ಟ್ರಿಂಗನ್ನು ಕೋಡಿನ ರೂಪದಲ್ಲಿ ತೋರಿಸುವ ರೆಪ್ರ್ ಫಂಕ್ಷನ್ ಹಾಕಿ ಪ್ರಿಂಟ್ ಮಾಡಿ, ಅಡಗಿದ್ದದ್ದು ಕೋಡ್ ಸಂಖ್ಯೆಯಾಗಿ ಬಯಲಾಗುತ್ತದೆ. ಸಿಟ್ಟಿಗೆದ್ದು ಝೀರೋ-ವಿಡ್ತ್ ಎಂದಿರುವುದನ್ನೆಲ್ಲ ಅಳಿಸಿದರೆ ಕನ್ನಡ ಪಠ್ಯ ಕೆಡುತ್ತದೆ: 'ಸಾಫ್ಟ್‌ವೇರ್' ಪದದಲ್ಲಿ ವಕಾರ ಒತ್ತಾಗದಂತೆ ತಡೆದಿರುವುದು ಝೀರೋ-ವಿಡ್ತ್ ನಾನ್-ಜಾಯ್ನರ್. ಫೈಲಿನ ಮೊದಲ ಸಾಲಿಗೆ ಅಂಟಿ ಬರುವ, ಕಣ್ಣಿಗೆ ಕಾಣದ ಎನ್‌ಕೋಡಿಂಗ್ ಗುರುತಾದ ಬೈಟ್ ಆರ್ಡರ್ ಮಾರ್ಕ್‌ಗೂ ಸ್ಟ್ರಿಪ್ ಮದ್ದಲ್ಲ. ಫೈಲ್ ತೆರೆಯುವಾಗಲೇ ಎನ್‌ಕೋಡಿಂಗ್ ಜಾಗದಲ್ಲಿ 'ಯುಟಿಎಫ್-8-ಸಿಗ್' ಎಂದು ಕೊಟ್ಟರೆ ಸಾಕು.