ಸೀನಾಯಿ ಬೆಟ್ಟಕ್ಕೆ ಹಿರಿಯರನ್ನು ಕರೆದೊಯ್ಯುವವರು ಇದನ್ನು ಓದಿ

ನನ್ನ ಅಮ್ಮ ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲಿನ ಮೋಶೆಯ ಕಥೆ ಹೇಳಿದವರು. ದೇವರು ಮೋಶೆಯೊಂದಿಗೆ ಮಾತಾಡಿದ, ಉರಿದರೂ ಸುಟ್ಟುಹೋಗದ ಆ ಪೊದೆಯ ಜಾಗವನ್ನು ಒಮ್ಮೆ ನೋಡಬೇಕೆಂಬುದು ಅವರ ಆಸೆ. 67 ವರ್ಷ, ಎರಡೂ ಮಂಡಿಗಳಲ್ಲಿ ಸವೆತ. ಇದನ್ನೆಲ್ಲ ಹೇಳಿಯೇ ಈಜಿಪ್ಟ್ ಯಾತ್ರೆಗೆ ಹಣ ಕಟ್ಟಿದೆ. "ಒಂಟೆ ಬೆಟ್ಟದ ಮೇಲಿನವರೆಗೂ ಹೋಗುತ್ತದೆ, ಅಮ್ಮ ನಡೆಯುವುದೇ ಬೇಡ" ಎಂದು ಯಾತ್ರೆಯ ಏಜೆಂಟರು ಮಾತು ಕೊಟ್ಟರು.

ಅದು ಸುಳ್ಳು. ಜೆಬೆಲ್ ಮೂಸಾ ಎಂದು ಅಲ್ಲಿಯವರು ಕರೆಯುವ ಈ ಬೆಟ್ಟದ ಎತ್ತರ 2,285 ಮೀಟರ್. ಒಂಟೆ ದಾರಿ ತುದಿಗಿಂತ ಬಹಳ ಕೆಳಗೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಸುಮಾರು 750 ಮೆಟ್ಟಿಲು. ಮೆಟ್ಟಿಲೆಂದರೆ ನಮ್ಮ ಚಾಮುಂಡಿ ಬೆಟ್ಟದ ಹಾಗಲ್ಲ. ಒಂದು ಗೇಣೆತ್ತರ, ಇನ್ನೊಂದು ಮೊಣಕಾಲೆತ್ತರದ ಕಲ್ಲುಗಳು.

ಸೂರ್ಯೋದಯ ನೋಡಲೆಂದು ರಾತ್ರಿ ಒಂದೂವರೆಗೆ ಹೊರಡಿಸಿದರು. ಕೈರೋದಿಂದ ಇಡೀ ದಿನ ಬಸ್ಸಿನಲ್ಲಿ ಕುಳಿತು ಬಂದಿದ್ದ ಅಮ್ಮನಿಗೆ ಎರಡು ಗಂಟೆಯ ನಿದ್ದೆಯೂ ಆಗಿರಲಿಲ್ಲ. ಜನವರಿ ತಿಂಗಳು. ಮರುಭೂಮಿಯಲ್ಲವೇ ಎಂದುಕೊಂಡು ಅಮ್ಮ ಸೀರೆಯ ಮೇಲೊಂದು ಸ್ವೆಟರ್ ಹಾಕಿಕೊಂಡಿದ್ದರು, ಕಾಲಿಗೆ ಮಾಮೂಲಿ ಚಪ್ಪಲಿ. ಒಂಟೆಯಿಂದ ಇಳಿದಾಗ ಚಳಿಗೆ ಅವರ ಬೆರಳುಗಳು ಮಡಚಲೂ ಬರುತ್ತಿರಲಿಲ್ಲ. ಮೂವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಹಿಂದಿನಿಂದ ಟಾರ್ಚ್ ಹಿಡಿದ ಜನ ನುಗ್ಗುತ್ತಿದ್ದರು. ನಮ್ಮ ತಂಡದ ನಾಯಕರು ಉಳಿದವರೊಂದಿಗೆ ಮುಂದೆ ಹೋಗಿಬಿಟ್ಟಿದ್ದರು.

ಬಂಡೆಯೊಂದರ ಮರೆಯಲ್ಲಿ ಅಮ್ಮನನ್ನು ತಬ್ಬಿಕೊಂಡು ಬೆಳಗಾಗುವವರೆಗೆ ಕುಳಿತೆ. ಅಲ್ಲಿನ ಮರುಭೂಮಿಯ ಬೆಡುವಿನ್ ಬುಡಕಟ್ಟಿನ ಹುಡುಗನೊಬ್ಬ ತನ್ನ ಚಹಾ ಅಂಗಡಿಯಿಂದ ಕಂಬಳಿ ತಂದು ಹೊದಿಸಿದ, ಬಾಡಿಗೆ ಕೊಡಹೋದರೆ ಬೇಡವೆಂದ. ಅವನ ಋಣ ದೊಡ್ಡದು.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಬೆಟ್ಟದ ಕೆಳಗೆ ನಡೆದದ್ದು. ಆ ಪೊದೆಯೆಂದು ನಂಬಲಾಗುವ ಗಿಡ ಇರುವುದು ತುದಿಯಲ್ಲಲ್ಲ, ಬುಡದಲ್ಲಿರುವ ಸಂತ ಕ್ಯಾಥರೀನ್ ಮಠದ ಒಳಗೆ. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಕೋಟೆಯಂಥ ಮಠ ಅದು. ನಾವು ಕೆಳಗಿಳಿದಾಗ ಬಾಗಿಲು ಮುಚ್ಚಿತ್ತು. ಅಂದು ಶುಕ್ರವಾರ. ಶುಕ್ರವಾರ, ಭಾನುವಾರ ಮತ್ತು ಅವರ ಹಬ್ಬಗಳಂದು ಮಠ ಪ್ರವಾಸಿಗರಿಗೆ ತೆರೆಯುವುದಿಲ್ಲ. ಉಳಿದ ದಿನಗಳಲ್ಲೂ ಬೆಳಗಿನ ಕೆಲವೇ ಗಂಟೆ. ವರ್ಷಗಳಿಂದ ಯಾತ್ರೆ ನಡೆಸುವವರಿಗೆ ಇದು ತಿಳಿಯದೆ ಇರುತ್ತದೆಯೇ? ಮಧ್ಯಾಹ್ನವೇ ಬಸ್ ಹೊರಟಿತು. ಊರಿಗೆ ಬಂದು ಕೇಳಿದರೆ, "ದೈಹಿಕ ಸಾಮರ್ಥ್ಯ ಯಾತ್ರಿಕರ ಹೊಣೆ" ಎಂಬ ಸಾಲಿನ ಕೆಳಗಿದ್ದ ನನ್ನ ಸಹಿ ತೋರಿಸಿದರು.

ಹಣ ಕಟ್ಟುವ ಮೊದಲು ಮಠಕ್ಕೆ ವಾರದ ಯಾವ ದಿನ, ಎಷ್ಟು ಗಂಟೆಗೆ ಹೋಗುತ್ತೀರೆಂದು ಬರಹದಲ್ಲಿ ಕೇಳಿ ಪಡೆಯಿರಿ. ಒಂಟೆ ಎಲ್ಲಿ ನಿಲ್ಲುತ್ತದೆಂದೂ ಕೇಳಿ. ದಪ್ಪ ಜಾಕೆಟ್, ಕೈಗವಸು, ಹಿಡಿತವಿರುವ ಬೂಟು, ತಲೆಗೆ ಕಟ್ಟುವ ಟಾರ್ಚ್ ಇಲ್ಲದೆ ಚಳಿಗಾಲದಲ್ಲಿ ಹತ್ತಬೇಡಿ. ಮಂಡಿ ನೋವಿರುವವರು ರಾತ್ರಿ ಹೋಟೆಲಿನಲ್ಲೇ ಮಲಗಿ, ಬೆಳಗ್ಗೆ ನೇರವಾಗಿ ಮಠಕ್ಕೆ ಹೋಗಲಿ. ನಾವು ಒಂದೇ ಒಂದು ದಿನ ತಡವಾಗಿ ತಲುಪಿದ್ದರೆ, ಅಮ್ಮ ಒಂದು ಮೆಟ್ಟಿಲನ್ನೂ ಹತ್ತದೆ ಆ ಗಿಡದ ಮುಂದೆ ನಿಂತಿರುತ್ತಿದ್ದರು.